ಚಿಮಣಿ ಆರಿದ ಮೇಲೆ ಊರಿನ ಲೆಕ್ಕ: ಒಂದು ಕಾರ್ಖಾನೆ ಮುಚ್ಚಿದರೆ ಏನೇನು ಹೋಗುತ್ತದೆ?

ಕಲಬುರಗಿಯಲ್ಲಿ ಯಾವ ಆಟೋದವರಿಗಾದರೂ ‘ಎಂಎಸ್‌ಕೆ ಮಿಲ್’ ಅನ್ನಿ, ಮರುಮಾತಿಲ್ಲದೆ ಕರ್ಕೊಂಡು ಹೋಗ್ತಾರೆ. ಇಳಿದು ನೋಡಿದರೆ ಬಡಾವಣೆ ಇದೆ, ರಸ್ತೆ ಇದೆ, ಅಂಗಡಿಗಳಿವೆ. ಮಿಲ್ ಒಂದೇ ಇಲ್ಲ. ನಾನು ಕಮಲಾಪುರದವನು. ಶಾಲೆ-ಕಾಲೇಜಿಗಂತ ಬಸ್ಸಿನಲ್ಲಿ ಕಲಬುರಗಿಗೆ ಓಡಾಡುವ ಕಾಲದಲ್ಲಿ ಎಂಎಸ್‌ಕೆ ಅಂದರೆ ಯಾರೋ ದೊಡ್ಡ ಮನುಷ್ಯರ ಇನಿಷಿಯಲ್ ಇರಬೇಕು ಅಂದುಕೊಂಡಿದ್ದೆ. ಅದು ಮೆಹಬೂಬ್ ಶಾಹಿ ಕುಲಬರ್ಗಾ ಮಿಲ್ಸ್ ಎಂದು ತಿಳಿದದ್ದು ಬಹಳ ತಡವಾಗಿ.

ದೇಶದಲ್ಲಿ ಎಲ್ಲಾದರೂ ಕಾರು, ಬೈಕಿನ ಕಾರ್ಖಾನೆ ಮುಚ್ಚಿದಾಗ ಸುದ್ದಿಯಲ್ಲಿ ಒಂದೇ ಒಂದು ಸಂಖ್ಯೆ ಬರುತ್ತದೆ: ‘ಇಷ್ಟು ಸಾವಿರ ಕಾರ್ಮಿಕರು ಬೀದಿಗೆ’. ಎರಡು ದಿನ ಚರ್ಚೆ, ಆಮೇಲೆ ಮೌನ. ಆ ಒಂದು ಸಂಖ್ಯೆಯಿಂದ ಊರಿಗಾದ ನಷ್ಟ ತಿಳಿಯುವುದಿಲ್ಲ. ಎಷ್ಟು ಮಂದಿಯ ನೌಕರಿ ಹೋಯಿತು ಎಂಬುದಕ್ಕಿಂತ, ಗೇಟಿಗೆ ಬಿದ್ದ ಕೀಲಿ ಎಷ್ಟು ವರ್ಷ ಹಾಗೇ ಇತ್ತು ಎಂಬುದೇ ಊರಿನ ಗತಿಯನ್ನು ನಿರ್ಧರಿಸುತ್ತದೆ. ನಮ್ಮ ಎಂಎಸ್‌ಕೆ, ಮೈಸೂರಿನ ಜಾವಾ, ನೆರೆಯ ಜಹೀರಾಬಾದ್ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಎಂಎಸ್‌ಕೆ ಬಂದದ್ದು, ಹೋದದ್ದು

ಮುಂಬೈನಿಂದ ಹೊರಟ ಜಿಐಪಿ ರೈಲುಮಾರ್ಗ ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರು ತಲುಪಿತು. ವಾಡಿಯಿಂದ ಹೈದರಾಬಾದ್ ಕಡೆಗೆ ಕವಲು ಮಾರ್ಗ 1874ರಲ್ಲಿ ಆಯಿತು. ಹತ್ತಿ ಬೆಳೆಯುವ ನೆಲ, ಮಾಲು ಸಾಗಿಸಲು ರೈಲು, ಎರಡೂ ಕೂಡಿದಾಗ ಗಿರಣಿ ಬರುವುದು ಸಹಜ. ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ಆಳ್ವಿಕೆಯಲ್ಲಿ, 1880ರ ದಶಕದಲ್ಲಿ, ಅವರದೇ ಹೆಸರಿನಲ್ಲಿ ಕಲಬುರಗಿಗೆ ನೂಲುವ ಮತ್ತು ನೇಯುವ ಗಿರಣಿ ಬಂತು. ಹೈದರಾಬಾದ್ ಸಂಸ್ಥಾನದ ಮೊದಮೊದಲ ಬಟ್ಟೆ ಗಿರಣಿಗಳಲ್ಲಿ ಇದೂ ಒಂದು. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಗಿರಣಿ ಓಡುತ್ತಲೇ ಇತ್ತು.

ಆದರೆ ಇಂಥ ಗಿರಣಿಗಳ ಕಾಯಿಲೆ ಆಗಲೇ ಶುರುವಾಗಿತ್ತು. ಹಳೆಯ ಯಂತ್ರಗಳಿಗೆ ಹೊಸ ಬಂಡವಾಳ ಬರಲಿಲ್ಲ. ನೇಯುವ ಕೆಲಸ ಗಿರಣಿಯಿಂದ ಪವರ್‌ಲೂಮ್‌ಗಳ ಕಡೆಗೆ ಸರಿಯಿತು. ಕಡಿಮೆ ಕೂಲಿ, ಸಣ್ಣ ಶೆಡ್ಡು, ಹಗುರ ತೆರಿಗೆಯ ಆ ಲೂಮುಗಳ ಎದುರು ದೊಡ್ಡ ಗಿರಣಿಯ ಬಟ್ಟೆ ತುಟ್ಟಿಯಾಯಿತು. ಟೆರಿಕಾಟ್, ಪಾಲಿಯೆಸ್ಟರ್ ಬಂದವು. ರೋಗಗ್ರಸ್ತ ಗಿರಣಿಗಳನ್ನು ಉಳಿಸಲೆಂದು ಕೇಂದ್ರ ಸರ್ಕಾರ 1968ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಅಂದರೆ ಎನ್‌ಟಿಸಿ ಕಟ್ಟಿತು, 1974ರಲ್ಲಿ ಕಾನೂನು ಮಾಡಿ 103 ಗಿರಣಿಗಳನ್ನು ರಾಷ್ಟ್ರೀಕರಿಸಿತು. ಎಂಎಸ್‌ಕೆ ಕೂಡ ಆಗ ಎನ್‌ಟಿಸಿ ತೆಕ್ಕೆಗೆ ಬಂತು.

ರಾಷ್ಟ್ರೀಕರಣ ನೌಕರಿ ಉಳಿಸಿತು, ಗಿರಣಿಯನ್ನಲ್ಲ. ನಷ್ಟ ತುಂಬಿಕೊಡಲು ದುಡ್ಡು ಬರುತ್ತಿತ್ತು, ಯಂತ್ರ ಬದಲಿಸಲು ಬರುತ್ತಿರಲಿಲ್ಲ. 1990ರ ದಶಕದ ಆರಂಭಕ್ಕೆ ಎನ್‌ಟಿಸಿಯ ಅಂಗಸಂಸ್ಥೆಗಳಲ್ಲಿ ಹೆಚ್ಚಿನವು ರೋಗಗ್ರಸ್ತ ಕೈಗಾರಿಕೆಗಳ ಮಂಡಳಿ ಬಿಐಎಫ್‌ಆರ್ ಮುಂದೆ ಹೋದವು. ಪುನಶ್ಚೇತನ ಯೋಜನೆಗೆ ಒಪ್ಪಿಗೆ ಬಂದದ್ದು 2002ರಲ್ಲಿ. ಅಷ್ಟೊತ್ತಿಗೆ ಹತ್ತು ವರ್ಷ ಕಳೆದಿತ್ತು. ಯೋಜನೆ ಏನಪ್ಪಾ ಅಂದರೆ, ಉಳಿಯಲಾರದ ಗಿರಣಿಗಳನ್ನು ಮುಚ್ಚುವುದು, ಹೆಚ್ಚುವರಿ ಜಾಗ ಮಾರುವುದು, ಆ ದುಡ್ಡಲ್ಲಿ ಸ್ವಯಂ ನಿವೃತ್ತಿ ಪರಿಹಾರ ಕೊಟ್ಟು ಉಳಿಯಬಲ್ಲ ಗಿರಣಿಗಳನ್ನು ಆಧುನೀಕರಿಸುವುದು. ದೇಶದಾದ್ಯಂತ ಎಪ್ಪತ್ತಕ್ಕೂ ಹೆಚ್ಚು ಎನ್‌ಟಿಸಿ ಗಿರಣಿಗಳು ಮುಚ್ಚಿದವು. ಎಂಎಸ್‌ಕೆ ಮುಚ್ಚಿದವರ ಸಾಲಿಗೆ ಸೇರಿತು. ನಿಜಾಮರದೇ ಕಾಲದ ವಾರಂಗಲ್‌ನ ಅಜಂ ಜಾಹಿ ಗಿರಣಿಯದ್ದೂ ಅದೇ ಕತೆ. ಬೆಂಗಳೂರಿನ ಮಿನರ್ವ ಮಿಲ್ ಬದಲಿಗೆ ಹೊಸ ಗಿರಣಿ ಎದ್ದದ್ದು ಹಾಸನದಲ್ಲಿ. ಕಲಬುರಗಿಗೆ ಉಳಿದದ್ದು ಬಡಾವಣೆ ಮತ್ತು ಹೆಸರು.

ಗೇಟಿನ ಒಳಗಿನವರು, ಹೊರಗಿನವರು

ಮುಚ್ಚಿದ ಕಾರ್ಖಾನೆಯ ನಷ್ಟವನ್ನು ಲೆಕ್ಕ ಹಾಕುವುದು ಹೇಗೆ? ಕೆರೆಗೆ ಕಲ್ಲು ಬಿದ್ದಾಗ ಏಳುವ ಸುತ್ತುಗಳ ಹಾಗೆ ನೋಡಬೇಕು.

ಮೊದಲ ಸುತ್ತು ಕಾಯಂ ನೌಕರರು. ಸುದ್ದಿಯಲ್ಲಿ ಬರುವ ಸಂಖ್ಯೆ ಸಾಮಾನ್ಯವಾಗಿ ಇವರದೇ. ಎರಡನೆಯದು ಗುತ್ತಿಗೆ ಕಾರ್ಮಿಕರು, ಟ್ರೈನಿಗಳು, ಹಮಾಲರು, ಕ್ಯಾಂಟೀನು, ಸೆಕ್ಯುರಿಟಿ, ವ್ಯಾನಿನ ಡ್ರೈವರು. ಕಾಗದದ ಮೇಲೆ ಇವರು ಕಾರ್ಖಾನೆಯವರಲ್ಲ, ಗುತ್ತಿಗೆದಾರನ ಮಂದಿ. ಹಾಗಾಗಿ ಕಾರ್ಖಾನೆ ಮುಚ್ಚಿದಾಗ ಇವರ ಕೆಲಸ ‘ಹೋಗುವುದಿಲ್ಲ’, ಗುತ್ತಿಗೆ ‘ಮುಗಿಯುತ್ತದೆ’ ಅಷ್ಟೇ. ಹೊಟ್ಟೆಗೆ ಎರಡೂ ಒಂದೇ.

ಮೂರನೆಯದು ಬಿಡಿಭಾಗ ಕೊಡುವ ಸಣ್ಣ ಘಟಕಗಳು. ಬಟ್ಟೆ ಗಿರಣಿಗಿಂತ ವಾಹನ ಕಾರ್ಖಾನೆಯ ಪೆಟ್ಟು ಜೋರಾಗಿರುವುದು ಇಲ್ಲಿಯೇ. ಗಿರಣಿಗೆ ಹತ್ತಿ ಮಾರುವವನು ನಾಳೆ ಇನ್ನೊಬ್ಬ ವರ್ತಕನಿಗೆ ಮಾರಬಹುದು. ಆದರೆ ಒಂದು ಬೈಕಿಗೆಂದು ಮಾಡಿದ ಸೈಲೆನ್ಸರ್ ಇನ್ನೊಂದಕ್ಕೆ ಕೂಡೋದಿಲ್ಲ. ಅಚ್ಚು, ಜಿಗ್ಗು, ಅಳತೆ ಎಲ್ಲ ಆ ಒಂದು ಕಂಪನಿಗೇ ಹೊಂದಿಸಿದ್ದು. ಮಾಲು ಕೊಟ್ಟ ಬಿಲ್ಲು ಬಾಕಿ, ಬ್ಯಾಂಕಿನ ಸಾಲ ಹಾಗೇ. ಹತ್ತಿಪ್ಪತ್ತು ಮಂದಿ ಇದ್ದ ಅಂಥ ಶೆಡ್ಡು ಮುಚ್ಚಿದರೆ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ನಾಲ್ಕನೆಯದು ಪಗಾರದ ದುಡ್ಡು ತಿರುಗಾಡುವ ಜಾಗಗಳು. ಖಾನಾವಳಿ, ಕಿರಾಣಿ ಅಂಗಡಿಯ ಉದ್ರಿ ವಹಿ, ಬಾಡಿಗೆ ಖೋಲಿ, ಟೇಲರ್, ಸೈಕಲ್ ರಿಪೇರಿ, ಖಾಸಗಿ ಶಾಲೆ. ತಿಂಗಳ ಪಗಾರದ ಗುಣ ಏನೆಂದರೆ ಅದನ್ನು ನಂಬಿ ಅಂಗಡಿಯವನು ಉದ್ರಿ ಕೊಡುತ್ತಾನೆ, ಬ್ಯಾಂಕು ಸಾಲ ಕೊಡುತ್ತದೆ. ದಿನಗೂಲಿಗೆ ಆ ನಂಬಿಕೆ ಸಿಗುವುದಿಲ್ಲ. ಕಾರ್ಖಾನೆ ಹೋದಾಗ ಊರಿಂದ ದುಡ್ಡಿನ ಜೊತೆ ಈ ಪತ್ತೂ ಹೋಗುತ್ತದೆ.

ಕಮಲಾಪುರದಂಥ ಊರು ಬರುವುದು ಐದನೇ ಸುತ್ತಿನಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ದಾರಿ. ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಊರು ನಮ್ಮದು, ಈಗ ತಾಲೂಕು ಕೇಂದ್ರವೂ ಹೌದು. 2017ರಲ್ಲಿ ಬೀದರ್–ಕಲಬುರಗಿ ರೈಲು ಕೂಡ ಬಂತು. ಆದರೂ ಬೆಳೆ ಕೈಕೊಟ್ಟ ವರ್ಷ ಹಳ್ಳಿ, ತಾಂಡಾಗಳ ಮಂದಿ ಗಂಟು ಕಟ್ಟುವುದು ಹೈದರಾಬಾದ್, ಪುಣೆ, ಮುಂಬೈಗೆ. ಹತ್ತಿರದ ನಗರದಲ್ಲಿ ದೊಡ್ಡ ಕಾರ್ಖಾನೆ ಇದ್ದರೆ ಹಳ್ಳಿಯ ಮನೆಯಲ್ಲಿ ಒಬ್ಬರು ಪಗಾರ ತರ್ತಾರೆ, ಒಬ್ಬರು ಹೊಲ ನೋಡ್ತಾರೆ. ಬೆಳೆ ಹೋದ ವರ್ಷ ಪಗಾರ ಕೈ ಹಿಡಿಯುತ್ತದೆ. ಕಲಬುರಗಿಯಲ್ಲಿ ಇಂದು ಹೆಚ್ಚಾಗಿ ಕಾಣುವುದು ತೊಗರಿ ನಂಬಿದ ದಾಲ್ ಮಿಲ್‌ಗಳು. ಅಂದರೆ ನಗರದ ಕೆಲಸವೂ ಹೊಲದ ಬೆಳೆಗೇ ಗಂಟು ಬಿದ್ದಿದೆ. ಮಳೆ ಕೈಕೊಟ್ಟರೆ ಎರಡೂ ಒಟ್ಟಿಗೆ ಸೊರಗುತ್ತವೆ.

ಕಾನೂನು ಕೈಗೆ ಏನು ಕೊಡುತ್ತದೆ?

‘ಪರಿಹಾರ ಸಿಕ್ಕಿರ್ತದಲ್ರಿ’ ಎಂಬ ಮಾತು ಕೇಳುತ್ತಿರುತ್ತೇನೆ. ಸಿಗುತ್ತದೆ, ಹೌದು. ಎಷ್ಟು ಅಂತ ನೋಡೋಣ.

1947ರ ಕೈಗಾರಿಕಾ ವಿವಾದ ಕಾಯ್ದೆಯ ಅಡಿ 100 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. 90 ದಿನ ಮೊದಲು ಅರ್ಜಿ ಹಾಕಬೇಕು, ಸರ್ಕಾರ 60 ದಿನದಲ್ಲಿ ಉತ್ತರಿಸದಿದ್ದರೆ ಅನುಮತಿ ಸಿಕ್ಕಿದಂತೆಯೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಮಿತಿಯನ್ನು 300ಕ್ಕೆ ಏರಿಸಿದೆ. ಅಂದರೆ 299 ಕಾರ್ಮಿಕರಿರುವ ಘಟಕ ಈಗ ಅನುಮತಿ ಕೇಳಬೇಕಿಲ್ಲ, 60 ದಿನದ ನೋಟಿಸ್ ಸಾಕು. ನಮ್ಮ ಭಾಗಕ್ಕೆ ಬರುವ ಘಟಕಗಳಲ್ಲಿ ಹೆಚ್ಚಿನವು ಈ ಗೆರೆಯ ಕೆಳಗೇ ಇರುವ ಸಾಧ್ಯತೆ ಇದೆ ಎಂಬುದನ್ನು ನೆನಪಿಡಬೇಕು.

ಪರಿಹಾರದ ಲೆಕ್ಕ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ. ಗ್ರಾಚ್ಯುಟಿ ಬೇರೆ, ಅದರಲ್ಲಿ ತಿಂಗಳಿಗೆ 26 ದಿನ ಎಂದು ಹಿಡಿದು ವರ್ಷಕ್ಕೆ 15 ದಿನ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ ಎಣಿಸುವ, 20 ವರ್ಷ ದುಡಿದ ಕಾಯಂ ಕಾರ್ಮಿಕರೊಬ್ಬರನ್ನು ಊಹಿಸಿಕೊಳ್ಳಿ. ಮುಚ್ಚುವಿಕೆ ಪರಿಹಾರ ಅರ್ಧ ತಿಂಗಳ ಲೆಕ್ಕದಲ್ಲಿ 2.6 ಲಕ್ಷ, ಗ್ರಾಚ್ಯುಟಿ 3 ಲಕ್ಷ. ಒಟ್ಟು 5.6 ಲಕ್ಷ. ಪಿಎಫ್ ಬಿಟ್ಟರೆ ಕೈಗೆ ಬಂದದ್ದು 22 ತಿಂಗಳೂ ತುಂಬದ ಪಗಾರ. ಅವರಿಗೆ ವಯಸ್ಸು 45 ಎಂದರೆ ನಿವೃತ್ತಿಗೆ ಇನ್ನೂ ಹದಿಮೂರು ವರ್ಷ ಇದೆ. ಆ ವಯಸ್ಸಿಗೆ ಮಗಳ ಮದುವೆ, ಮಗನ ಓದು, ಮನೆ ಸಾಲ ಎಲ್ಲ ಬಾಗಿಲಲ್ಲೇ ಕಾಯ್ತಿರ್ತವೆ. ದುಡ್ಡು ಎರಡು ವರ್ಷ ನಿಲ್ಲುವುದಿಲ್ಲ.

ಇಎಸ್‌ಐ ಅಡಿಯಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂಬುದೊಂದಿದೆ. 2005ರಿಂದ ಇರುವ ಈ ಯೋಜನೆಯಲ್ಲಿ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವರಿಗೆ ಮೊದಲ 12 ತಿಂಗಳು ವೇತನದ ಶೇ 50, ಮುಂದಿನ 12 ತಿಂಗಳು ಶೇ 25 ಭತ್ಯೆ ಉಂಟು. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ಕಲಬುರಗಿಯ ಎಲ್ಲರಿಗೂ ಗೊತ್ತು, ಈ ಭತ್ಯೆ ಎಷ್ಟು ಮಂದಿಗೆ ಗೊತ್ತು? ಇನ್ನೊಂದು ತೊಡಕೂ ಇದೆ. ಇಎಸ್‌ಐ ವೇತನ ಮಿತಿ 21,000 ರೂಪಾಯಿ. ಮೇಲಿನ ಉದಾಹರಣೆಯ ಕಾರ್ಮಿಕರು ಅದರಿಂದ ಹೊರಗೆ.

ಕಂಪನಿಯೇ ದಿವಾಳಿಯಾದರೆ? 2016ರ ದಿವಾಳಿ ಸಂಹಿತೆಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಬ್ಯಾಂಕುಗಳ ಅಡಮಾನ ಸಾಲದ ಸಮಾನ ಸ್ಥಾನ ಇದೆ, ಪಿಎಫ್ ಮತ್ತು ಗ್ರಾಚ್ಯುಟಿ ನಿಧಿಯನ್ನು ಸಾಲಗಾರರು ಮುಟ್ಟುವಂತಿಲ್ಲ. ಒಳ್ಳೆಯದೇ. ಆದರೆ ಮಾಲು ಕೊಟ್ಟ ಸಣ್ಣ ಘಟಕದವರ ಬಾಕಿ ಸರದಿಯಲ್ಲಿ ಬಹಳ ಕೆಳಗೆ. ಖಾನಾವಳಿಯವರ ಉದ್ರಿ ವಹಿಗಂತೂ ಯಾವ ಸರದಿಯೂ ಇಲ್ಲ.

ಜಾವಾ: ಹೆಸರು ವಾಪಸ್ ಬಂತು, ಕೆಲಸ ಬರಲಿಲ್ಲ

ಕರ್ನಾಟಕದ ವಾಹನ ಕಾರ್ಖಾನೆ ಮುಚ್ಚಿದ ಕತೆ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮೈಸೂರಿನ ಐಡಿಯಲ್ ಜಾವಾ. ಇರಾನಿ ಕುಟುಂಬ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಯಾದವಗಿರಿಯಲ್ಲಿ ಕಟ್ಟಿದ ಕಾರ್ಖಾನೆ ಅದು. 1961ರಲ್ಲಿ ಬೈಕುಗಳು ಹೊರಬರತೊಡಗಿದವು. 1970ರ ದಶಕದಿಂದ ಯೆಜ್ಡಿ ಎಂಬ ಹೆಸರು ಬಂತು. ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲೂ ಅದರ ಸದ್ದು ಕೇಳಿದರೆ ಬರುತ್ತಿರುವವರು ಯಾರು ಅಂತ ಹೇಳಿಬಿಡುತ್ತಿದ್ದರು.

1980ರ ದಶಕದ ಮಧ್ಯದಲ್ಲಿ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಬಂದವು. ಹೀರೋ ಹೊಂಡಾ ಒಂದು ಲೀಟರಿಗೆ ಓಡುವ ದೂರದ ಮುಂದೆ ಟೂ-ಸ್ಟ್ರೋಕ್ ಯೆಜ್ಡಿ ನಿಲ್ಲಲಿಲ್ಲ. ಮಾಲಿನ್ಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ನಿಂತಿತು. ಮುಂದೆ ಕಂಪನಿಯ ಆಸ್ತಿ ಹೈಕೋರ್ಟಿನ ಅಧಿಕೃತ ಲಿಕ್ವಿಡೇಟರ್ ಕೈಗೆ ಹೋಯಿತು. ಯೆಜ್ಡಿ ಎಂಬ ಹೆಸರು ಯಾರಿಗೆ ಸೇರಿದ್ದು ಎಂಬ ವ್ಯಾಜ್ಯ ಬಾಗಿಲು ಮುಚ್ಚಿ ಕಾಲು ಶತಮಾನ ಆದ ಮೇಲೂ ಹೈಕೋರ್ಟಿನಲ್ಲಿ ನಡೆಯಿತು.

ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಅಭಿಮಾನಿಗಳಿಗೆ ಖುಷಿಯಾಯಿತು. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಇಪ್ಪತ್ತೆರಡು ವರ್ಷದ ನಂತರ ಬ್ರ್ಯಾಂಡ್ ಬದುಕಬಹುದು, ಫಿಟ್ಟರ್, ಟರ್ನರ್, ಪೇಂಟರ್‌ಗಳ ಕೈಯ ಕಸುಬು ಅಷ್ಟು ವರ್ಷ ಕಾದು ಕೂರುವುದಿಲ್ಲ.

ಮೈಸೂರು ಈ ಪೆಟ್ಟನ್ನು ತಡೆದುಕೊಂಡಿತು. ಅಲ್ಲಿ ಬಿಇಎಂಎಲ್ ಇತ್ತು, ಟೈರ್ ಕಾರ್ಖಾನೆ ಇತ್ತು, ಮುಂದೆ ಟಿವಿಎಸ್ ಬಂತು, ಇನ್ಫೊಸಿಸ್ ಬಂತು. ಒಂದು ಕಂಬ ಮುರಿದರೂ ಚಪ್ಪರ ನಿಂತಿತು. ಕಲಬುರಗಿ ನಗರದಲ್ಲಿ ಎಂಎಸ್‌ಕೆ ಹೋದಾಗ ಅಂಥ ಇನ್ನೊಂದು ಕಂಬ ಇರಲಿಲ್ಲ. ಸಿಮೆಂಟ್ ಕಾರ್ಖಾನೆಗಳಿದ್ದದ್ದು ವಾಡಿ, ಸೇಡಂ, ಚಿತ್ತಾಪುರದ ಕಡೆ, ಸುಣ್ಣದ ಕಲ್ಲು ಇರುವಲ್ಲಿ. ನೂಲುವವರಿಗೆ, ನೇಯುವವರಿಗೆ ಅಲ್ಲಿ ಏನು ಕೆಲಸ?

ಜೀವ ಇರುವಾಗಲೇ ಕೈ ಬದಲಾದರೆ

ಈಗ ಕಮಲಾಪುರದಿಂದ ಇನ್ನೊಂದು ದಿಕ್ಕಿಗೆ ಹೋಗೋಣ. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದರೆ ತೆಲಂಗಾಣದ ಜಹೀರಾಬಾದ್. ನಮಗೆ ಹತ್ತಿರದ ದೊಡ್ಡ ವಾಹನ ಕಾರ್ಖಾನೆ ಇರುವುದು ಅಲ್ಲಿ. 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ಕಂಪನಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಹಗುರ ವಾಣಿಜ್ಯ ವಾಹನ ಮಾಡಲು ಆ ಘಟಕ ಕಟ್ಟಿತು. ವ್ಯಾಪಾರ ಅಂದುಕೊಂಡಂತೆ ನಡೆಯಲಿಲ್ಲ. ಆದರೆ ಆ ದಶಕದ ಕೊನೆಗೇ, ಘಟಕ ಸಾಯುವ ಮೊದಲೇ, ಅದು ಮಹೀಂದ್ರ ಕಂಪನಿಯ ಕೈಗೆ ಹೋಯಿತು. ಫ್ರಿಜ್ಜಿನಿಂದ ಮನೆಮಾತಾಗಿದ್ದ ಮೂಲ ಆಲ್ವಿನ್ ಕಂಪನಿ ಇಂದು ಇಲ್ಲ, ಜಹೀರಾಬಾದ್ ಘಟಕ ಮಾತ್ರ ಇದೆ. ಟ್ರ್ಯಾಕ್ಟರ್ ಕೂಡ ಅಲ್ಲಿ ತಯಾರಾಗುತ್ತದೆ.

ಇದೇ ಪಾಠವನ್ನು ಇತ್ತೀಚೆಗೆ ಫೋರ್ಡ್ ಕಂಪನಿ ಎರಡು ಊರುಗಳಲ್ಲಿ ಬೇರೆ ಬೇರೆಯಾಗಿ ತೋರಿಸಿತು. 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಅದು ಹೇಳಿತು. ಗುಜರಾತಿನ ಸಾನಂದ್ ಘಟಕವನ್ನು ಟಾಟಾ ಕಂಪನಿ 725.7 ಕೋಟಿ ರೂಪಾಯಿಗೆ ಕೊಂಡಿತು, ಅರ್ಹ ವಾಹನ ತಯಾರಿಕಾ ನೌಕರರಿಗೆ ಕೆಲಸ ಕೊಡುವ ಷರತ್ತಿನೊಂದಿಗೆ. 2023ರ ಜನವರಿಗೆ ಹಸ್ತಾಂತರ ಮುಗಿಯಿತು. ಚೆನ್ನೈ ಬಳಿಯ ಮರೈಮಲೈ ನಗರದ ಘಟಕ ಮಾತ್ರ 2022ರಲ್ಲಿ ನಿಂತಿತು, ಕೊಳ್ಳುವವರು ಕುದುರಲಿಲ್ಲ. ಅದನ್ನು ರಫ್ತಿಗಾಗಿ ಮತ್ತೆ ತೆರೆಯುವ ಇಂಗಿತವನ್ನು ಫೋರ್ಡ್ ತಿಳಿಸಿದ್ದು 2024ರಲ್ಲಿ. ಕಂಪನಿ ಒಂದೇ, ಘೋಷಣೆಯ ದಿನವೂ ಒಂದೇ. ಕಾರ್ಮಿಕರ ಪಾಲಿಗೆ ಬಂದದ್ದು ಮಾತ್ರ ಬೇರೆ ಬೇರೆ.

ಇಲ್ಲೊಂದು ಆಕ್ಷೇಪ ಬರಬಹುದು: ಗುಜರಾತಿನಲ್ಲಿ ಕೊಳ್ಳುವವರು ಇದ್ದರು, ಹತ್ತಿ ಗಿರಣಿಯನ್ನು ಯಾರು ಕೊಳ್ಳುತ್ತಿದ್ದರು? ಒಪ್ಪುತ್ತೇನೆ. ನೂರು ವರ್ಷದ ಯಂತ್ರಗಳನ್ನು ಉಳಿಸಿಕೊಳ್ಳಿ ಅಂತ ನಾನೂ ಹೇಳುವುದಿಲ್ಲ. ಆದರೆ ಬಿಐಎಫ್‌ಆರ್ ಕಡತ ಓಡಾಡಿದ ಆ ಹತ್ತು ವರ್ಷ ನೇಯುವ ಕಸುಬಿದ್ದ ಮಂದಿ ಊರಲ್ಲಿಯೇ ಇದ್ದರು. ರೈಲು ಇತ್ತು, ಜಾಗ ಇತ್ತು. ಸೊಲ್ಲಾಪುರದಲ್ಲಿ ಗಿರಣಿಗಳು ಹೋದವು, ಲೂಮುಗಳು ಉಳಿದವು, ಚಾದರ ಮತ್ತು ಟವೆಲ್‌ನಿಂದ ಆ ಊರು ಇಂದಿಗೂ ಜವಳಿಯ ಊರೇ. ಕಲಬುರಗಿ ಜವಳಿಯ ಊರಾಗಿ ಉಳಿಯಲಿಲ್ಲ.

ಈಗ ಯಾಕೆ ಈ ಮಾತು?

ಯಾಕಂದ್ರೆ ಜವಳಿ ಮತ್ತೆ ಬರುತ್ತಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ಮಿತ್ರ ಯೋಜನೆಯಡಿ ಏಳು ಬೃಹತ್ ಜವಳಿ ಪಾರ್ಕ್‌ಗಳನ್ನು ಪ್ರಕಟಿಸಿತು. ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ಕಲಬುರಗಿ. ಒಂದೊಂದಕ್ಕೂ ಕನಿಷ್ಠ 1,000 ಎಕರೆ ಜಾಗ, ಇಡೀ ಯೋಜನೆಗೆ 4,445 ಕೋಟಿ ರೂಪಾಯಿ. ನೂಲುವುದರಿಂದ ಹೊಲಿಗೆಯವರೆಗೆ ಒಂದೇ ಕಡೆ ಆಗಬೇಕೆಂಬುದು ಉದ್ದೇಶ. ಎಂಎಸ್‌ಕೆ ಸಿದ್ಧಾಂತವೂ ಅದೇ ಆಗಿತ್ತು ಅನ್ನಿ.

ನಾನು ಇದನ್ನು ವಿರೋಧಿಸುತ್ತಿಲ್ಲ. ಬರಲಿ, ಬೇಗ ಬರಲಿ. ಆದರೆ 371ಜೆ ವಿಧಿಯ ಮೀಸಲಾತಿ ಇರುವುದು ಸರ್ಕಾರಿ ನೌಕರಿ ಮತ್ತು ಶಿಕ್ಷಣಕ್ಕೆ. ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಅದು ನಡೆಯುವುದಿಲ್ಲ. ಅಲ್ಲಿ ನಮಗೆ ಆಸರೆ ಆಗಬಲ್ಲದ್ದು ಜಾಗ, ರಿಯಾಯಿತಿ ಕೊಡುವಾಗ ಸರ್ಕಾರ ಬರೆಸಿಕೊಳ್ಳುವ ಕರಾರು ಮಾತ್ರ. ಅದರಲ್ಲಿ ಈ ನಾಲ್ಕು ಮಾತು ಇದೆಯೇ ಎಂದು ನಮ್ಮ ಜನಪ್ರತಿನಿಧಿಗಳನ್ನು, ಕಾರ್ಮಿಕ ಸಂಘಟನೆಗಳನ್ನು ಕೇಳಬೇಕು.

ಒಂದು, ಘಟಕ ನಿಂತರೆ ಜಾಗ ಎಷ್ಟು ತಿಂಗಳಲ್ಲಿ ಇನ್ನೊಬ್ಬ ಉದ್ಯಮಿಗೆ ಹೋಗಬೇಕು, ಮತ್ತು ಕೈಗಾರಿಕೆ ಬಿಟ್ಟು ಲೇಔಟ್ ಮಾಡಲು ಅವಕಾಶ ಇದೆಯೇ? ಎರಡು, ಕೊಂಡವರು ಇದ್ದ ಕಾರ್ಮಿಕರಿಗೆ ಮೊದಲ ಅವಕಾಶ ಕೊಡಬೇಕೇ? ಮೂರು, ಗುತ್ತಿಗೆ ಕಾರ್ಮಿಕರೂ ಸೇರಿ ಎಲ್ಲರ ಇಎಸ್‌ಐ, ಪಿಎಫ್ ತಿಂಗಳು ತಿಂಗಳು ಕಟ್ಟಿದ್ದಾರೆಯೇ ಎಂದು ನೋಡಿದ ಮೇಲೆಯೇ ರಿಯಾಯಿತಿಯ ಮುಂದಿನ ಕಂತು ಬಿಡುಗಡೆಯೇ? ನಾಲ್ಕು, 300ರ ಕೆಳಗಿನ ಘಟಕಗಳೂ ಮುಚ್ಚುವ ಮೊದಲು ಜಿಲ್ಲಾಡಳಿತಕ್ಕೆ ಆರು ತಿಂಗಳ ಮುನ್ಸೂಚನೆ ಕೊಡುತ್ತವೆಯೇ?

ಕಾರ್ಖಾನೆ ಬಂದ ಮೇಲೆ ಇವನ್ನು ಕೇಳಿದರೆ ‘ಹೂಡಿಕೆ ವಿರೋಧಿ’ ಅನ್ನುತ್ತಾರೆ. ಮುಚ್ಚಿದ ಮೇಲೆ ಕೇಳಿದರೆ ‘ಈಗೇನು ಮಾಡ್ಲಿಕ್ಕೆ ಬರ್ತದ್ರಿ’ ಅನ್ನುತ್ತಾರೆ. ಕೇಳುವ ಹೊತ್ತು ಜಾಗ ಹಂಚುವ ಮೊದಲು, ಅಂದರೆ ಈಗ. ಕಮಲಾಪುರದ ಬಸ್ಸಿನಲ್ಲಿ ಇಂದು ಐಟಿಐಗೆ ಹೋಗುತ್ತಿರುವ ಹುಡುಗ-ಹುಡುಗಿಯರಿಗೆ ಆ ಪಾರ್ಕ್ ನೌಕರಿಯ ಜಾಗ ಆಗಬೇಕು, ಇಪ್ಪತ್ತು ವರ್ಷದ ಮೇಲೆ ಆಟೋದವರಿಗೆ ಹೇಳುವ ಇನ್ನೊಂದು ವಿಳಾಸ ಆಗಬಾರದು.